ನಗಿ, ಎರಡೂ ಕೈ ಎತ್ತಿ, ಒಂದು ಮಾತು ಹೇಳಿ

ಹೆದರುವವರ ಮನೆಯಲ್ಲಿ ನಗುವಂಥ ಸಂಗತಿಗಳು ಸ್ವಲ್ಪ ಜಾಸ್ತಿಯೇ ನಡೆಯುತ್ತವೆ ಅಂತ ಕಾಣುತ್ತದೆ. ನಡೆಯುವಾಗ ನನಗೆ ಒಂದರಲ್ಲೂ ನಗು ಬಂದಿಲ್ಲ. ಆಮೇಲೆ ನಮ್ಮಂಥ ಮನೆಯವರೇ ಸೇರುವ ಶನಿವಾರದ ಸಭೆಯಲ್ಲಿ ಹೇಳಿದಾಗ ಉಳಿದವರು ನಗುತ್ತಾರೆ, ಅವರು ನಕ್ಕ ಮೇಲೆ ನಾನೂ ಧೈರ್ಯ ತಂದುಕೊಂಡು ನಗುತ್ತೇನೆ.

ಮೂರು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಸ್ಟ್ರೋಕ್ ಆಯಿತು. ಮೂವತ್ತು ವರ್ಷ ಹೆಬ್ಬಾಳದ ಕಾರ್ಖಾನೆಗಳಿಗೆ ಶಿಫ್ಟ್ ಬಸ್ ಓಡಿಸಿದವರು. ಒಂದು ಬೆಳಿಗ್ಗೆ ಕಾಫಿ ಲೋಟ ಎತ್ತಿಕೊಳ್ಳಲು ಹೋದರು, ಎಡಗೈ ಬರಲೇ ಇಲ್ಲ. ಈಗ ಕೋಲು ಹಿಡಿದು ನಡೆಯುತ್ತಾರೆ. ಮಾತು ನಿಧಾನ, ಆದರೆ ಸ್ಪಷ್ಟ. ಎಡಗೈ ಭುಜದ ಮಟ್ಟಕ್ಕೆ ಏಳುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಅವರಿಗಿರುವುದು ಒಂದೇ ಆಸೆ. ಸಿದ್ಧಾರ್ಥನಗರದ ನಮ್ಮ ಮನೆಯಿಂದ ದೊಡ್ಡ ರಸ್ತೆಯ ಕಟಿಂಗ್ ಶಾಪಿಗೆ ಒಬ್ಬರೇ ನಡೆದುಹೋಗಿ ಕ್ಷೌರ ಮಾಡಿಸಿಕೊಂಡು ಬರಬೇಕು. ಲೆಕ್ಕ ಹಾಕಿದ್ದೇನೆ, ನಾನೂರು ಹೆಜ್ಜೆ. ನನಗಿರುವುದೂ ಒಂದೇ ಭಯ. ಆ ನಾನೂರರಲ್ಲಿ ಯಾವುದೋ ಒಂದು ಹೆಜ್ಜೆಯಲ್ಲಿ ಇನ್ನೊಂದು ಸ್ಟ್ರೋಕ್ ಆಗಿ, ಆಗ ನಾನು ಪಕ್ಕದಲ್ಲಿ ಇಲ್ಲದೆ ಹೋದರೆ? ಹಾಗಾಗಿ ಕಟಿಂಗ್ ಶಾಪಿನವರೇ ತಿಂಗಳಿಗೊಂದು ಮಂಗಳವಾರ ಕತ್ತರಿ ಬಾಚಣಿಗೆ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಯಜಮಾನರು ಹಿತ್ತಿಲಿನ ಸ್ಟೂಲಿನ ಮೇಲೆ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದರು.

ಉಪ್ಪಿಲ್ಲದ ಉಪ್ಪಿಟ್ಟು

ಆಸ್ಪತ್ರೆಯಿಂದ ಬಿಡುವ ದಿನ ನರ್ಸಮ್ಮ ನನಗೆ ಮೂರು ಪರೀಕ್ಷೆ ಹೇಳಿಕೊಟ್ಟರು. "ಅನುಮಾನ ಬಂದಾಗ ನಗೋಕೆ ಹೇಳಿ, ಎರಡೂ ಕೈ ಎತ್ತೋಕೆ ಹೇಳಿ, ಒಂದು ಮಾತು ಹೇಳ್ಸಿ. ಈಗಿರೋದಕ್ಕಿಂತ ಒಂಚೂರು ವ್ಯತ್ಯಾಸ ಕಂಡ್ರೂ ತಡ ಮಾಡ್ದೆ ಕರ್ಕೊಂಡು ಬನ್ನಿ" ಅಂದರು. ಅವರು ಹೇಳಿದ್ದು ಅನುಮಾನ ಬಂದಾಗ. ನನಗೆ ಅನುಮಾನ ಬರದ ಗಳಿಗೆಯೇ ಇರಲಿಲ್ಲ. ಎದ್ದ ಕೂಡಲೇ ಒಂದು ಸಲ, ಊಟಕ್ಕೆ ಮುಂಚೆ ಒಂದು ಸಲ, ಜೋರಾಗಿ ಸೀನಿದರೆ ಇನ್ನೊಂದು ಸಲ ಪರೀಕ್ಷೆ ನಡೆಯುತ್ತಿತ್ತು.

ನಗುವಿನಲ್ಲೇ ಮೊದಲ ತೊಂದರೆ ಬಂತು. ಅವರು ನಕ್ಕರೆ ತುಟಿ ಒಂದು ಕಡೆಗೆ ಹೋಗುತ್ತಿತ್ತು. ಅದು ಸ್ಟ್ರೋಕಿನಿಂದಲೋ ಹುಟ್ಟಿನಿಂದಲೋ ಅಂತ ಗೊತ್ತಾಗದೆ ನಾನು ಮದುವೆಯ ಫೋಟೋ ಹುಡುಕಿ ತೆಗೆದೆ. ಚರ್ಚಿನ ಮೆಟ್ಟಿಲ ಮೇಲೆ ನನ್ನ ಪಕ್ಕ ನಿಂತು ಆಗಲೂ ಹಾಗೇ ಸೊಟ್ಟಗೆ ನಗುತ್ತಿದ್ದಾರೆ. ಆ ಫೋಟೋ ತೆಗೆದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಟ್ಟು, "ನೋಡಿ ಡಾಕ್ಟ್ರೇ, ಮದುವೆ ದಿನಾನೇ ಇವರ ನಗು ಹೀಗಿತ್ತು" ಅಂದೆ. ಡಾಕ್ಟರು ಫೋಟೋ ನೋಡಿದರು, ನನ್ನನ್ನು ನೋಡಿದರು. "ಅದಕ್ಕೆ ಬೇರೆ ಕಾರಣ ಇರಬಹುದಮ್ಮ" ಅಂದರು.

ಹೇಳಿಸುವ ಮಾತು ದಿನಾ ಒಂದೇ ಇರಲಿ ಅಂತ "ಇವತ್ತಿನ ಉಪ್ಪಿಟ್ಟು ಚೆನ್ನಾಗಿದೆ" ಅನ್ನುವುದನ್ನು ಗೊತ್ತು ಮಾಡಿದ್ದೆ. ಬೆಳಿಗ್ಗೆ ಸುಲಭಕ್ಕೆ ಆಗುವುದು ಅದೇ ತಿಂಡಿ. ಒಂದು ದಿನ ಯಜಮಾನರು ನಕ್ಕರು, ಕೈ ಎತ್ತಿದರು, ಆದರೆ ಬಾಯಿ ಬಿಡಲಿಲ್ಲ. "ಹೇಳಿ" ಅಂದೆ. ತಟ್ಟೆ ನೋಡುತ್ತಾ ಸುಮ್ಮನೆ ಕೂತರು. ಇನ್ನೊಂದು ಸಲ ಕೇಳಿದೆ, ಆಗಲೂ ತುಟಿ ಅಲ್ಲಾಡಲಿಲ್ಲ.

ಓಡಿಹೋಗಿ ಎದುರುಮನೆಯ ಬಾಗಿಲು ಬಡಿದೆ. ಅವರ ಆಟೋದಲ್ಲಿ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದು ಕೈಯಲ್ಲಿ ಅವರ ಅಂಗಿ ಹಿಡಿದುಕೊಂಡಿದ್ದೆ. ಅವರು ಏನೋ ಹೇಳಲು ಬಾಯಿ ತೆರೆದಾಗೆಲ್ಲ "ಸುಮ್ನಿರಿ, ಆಯಾಸ ಮಾಡ್ಕೋಬೇಡಿ" ಅಂತ ನಾನೇ ಬಾಯಿ ಮುಚ್ಚಿಸಿದೆ. ಎಮರ್ಜೆನ್ಸಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಬಗ್ಗಿ, "ಏನಾದ್ರೂ ಒಂದು ಮಾತು ಹೇಳಿ ಸಾರ್" ಅಂದರು.

"ಉಪ್ಪು ಹಾಕಿಲ್ಲ, ಡಾಕ್ಟ್ರೇ. ಚೆನ್ನಾಗದೆ ಅಂತ... ಎಂಗನ್ಲಿ?" ಅಂದರು ಯಜಮಾನರು.

ಡಾಕ್ಟರು ಆದರೂ ಎಲ್ಲ ಪರೀಕ್ಷೆ ಮಾಡಿಯೇ ಕಳಿಸಿದರು. "ಹತ್ತು ಸಲ ಸುಮ್ಮನೆ ಬಂದ್ರೂ ಪರವಾಗಿಲ್ಲ, ಬರಬೇಕಾದಾಗ ಒಂದು ಸಲ ಬರದೆ ಇರಬಾರದು" ಅಂತ ನನಗೆ ಸಮಾಧಾನವನ್ನೂ ಹೇಳಿದರು. ಆಮೇಲೆ ಯಜಮಾನರ ಕಡೆ ತಿರುಗಿ, "ಸಾರ್, ಉಪ್ಪು ಕಡಿಮೆ ತಿನ್ನಿ ಅಂತ ನಾವೇ ಹೇಳಿರೋದು" ಅಂದರು.

"ಕಡಿಮೆ ತಿನ್ನಿ ಅಂದ್ರಿ. ಸುಳ್ಳು ಹೇಳಿ ಅಂದಿರ್ಲಿಲ್ಲ."

ಗ್ಯಾಸಿನವರು ಕೈ ಎತ್ತಿದ್ದು

ಭಯಕ್ಕೆ ನಮ್ಮವರು ಹೊರಗಿನವರು ಅನ್ನುವ ಭೇದ ಇರುವುದಿಲ್ಲ. ನಾಲ್ಕು ಜನ ಬಾಯಿ ತೆರೆದು ಮಾತಾಡುತ್ತಿದ್ದರೆ ನನ್ನ ಕಣ್ಣು ಅವರ ತುಟಿಯ ಎರಡು ತುದಿಗಳ ಮೇಲೇ ಇರುತ್ತದೆ. ಪೂಜೆಯ ಮಧ್ಯೆ ಫಾದರ್ ಒಂದು ಕ್ಷಣ ತಡವರಿಸಿದರೆ ನಾನು ಬೆಂಚಿನಿಂದ ಅರ್ಧ ಎದ್ದಿರುತ್ತೇನೆ.

ಒಂದು ದಿನ ಚಪಾತಿ ಒತ್ತುತ್ತಿದ್ದೆ. ಗ್ಯಾಸ್ ಸಿಲಿಂಡರ್ ತರುವವರು ಬಂದರು. ಬಾಗಿಲು ತೆಗೆದರೆ ಅವರ ಬಾಯಿ ಎಡಕ್ಕೆ ಎಳೆದುಕೊಂಡಿದೆ. "ಏನಪ್ಪಾ, ಹುಷಾರಾಗಿದ್ದೀರಾ?" ಅಂತ ಕೇಳಿದರೆ "ಊಂ, ಊಂ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

"ಸಿಲಿಂಡರ್ ಕೆಳಗಿಡಿ. ಎರಡೂ ಕೈ ಮೇಲೆತ್ತಿ" ಅಂದೆ.

ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು ಅನ್ನುವುದು ನನಗೆ ನೆನಪಿರಲಿಲ್ಲ. ಅವರು ಸಿಲಿಂಡರ್ ಇಳಿಸಿ ಎರಡೂ ಕೈ ಮೇಲೆತ್ತಿ ಗೋಡೆಗೆ ಒರಗಿದರು. "ಈಗ ನಗಿ" ಅಂದೆ. ನಗುವ ಸ್ಥಿತಿಯಲ್ಲಿ ಅವರಿರಲಿಲ್ಲ. ಎದುರುಮನೆಯಾಕೆ ಮಹಡಿಯಿಂದ ಇಣುಕಿ, "ಏನಾಯ್ತು ಕಣ್ರೀ, ಕಳ್ಳನಾ?" ಅಂತ ಕೂಗಿದರು. ಗ್ಯಾಸಿನವರು ಕೈ ಇಳಿಸದೆ ಹಾಗೇ ಅಡ್ಡಡ್ಡ ನಡೆದು ಮೋರಿಗೆ ಉಗಿದು, "ಅಮ್ಮಾ, ಎಲೆಅಡ್ಕೆ ಆಕ್ಕೊಂಡಿದ್ದೆ ಕಣಮ್ಮಾ. ಬುಟ್ಬುಡಿ" ಅಂದರು. ಆದರೂ ನಗುವನ್ನು ನೋಡಿಯೇ ನಾನು ಬಿಟ್ಟಿದ್ದು.

ಒಳಗಿನಿಂದ ಎಲ್ಲ ನೋಡುತ್ತಿದ್ದ ಯಜಮಾನರು, "ಊರೋರಿಗೆಲ್ಲ ಪಾಸ್ ಕೊಡ್ತೀಯ. ನನ್ನನ್ನ ಮಾತ್ರ ಗೇಟ್ ದಾಟಕ್ಕೆ ಬಿಡಲ್ಲ" ಅಂದರು. ಕೇಳಿಸಿಕೊಂಡು ಲಟ್ಟಣಿಗೆಯ ಜೊತೆ ಚಪಾತಿಗೆ ವಾಪಸ್ ಹೋದೆ.

ಆಮೇಲಿಂದ ಗ್ಯಾಸಿನವರು ಬಂದರೆ ಗೇಟಿನ ಹತ್ತಿರವೇ ಸಿಲಿಂಡರ್ ಇಳಿಸುತ್ತಾರೆ. ಎರಡೂ ಕೈ ಎತ್ತುತ್ತಾರೆ, ಹಲ್ಲು ತೋರಿಸುತ್ತಾರೆ, "ಗ್ಯಾಸ್ ಬಂದದೆ ಕಣಮ್ಮ" ಅಂತ ಒಂದು ಮಾತು ಹೇಳುತ್ತಾರೆ. ಆಮೇಲೇ ಒಳಗೆ ಬರುವುದು.

ಬೀದಿಯ ಅವರೆಕಾಳು

ಸಭೆಯನ್ನು ನಡೆಸುವವಳು ಒಬ್ಬ ಫಿಸಿಯೋ ಹುಡುಗಿ. ನಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ ಶನಿವಾರ ಶನಿವಾರ ಸ್ಟ್ರೋಕ್ ಆದವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಸೇರಿಸಿ ಎರಡು ಗಂಟೆ ಕೂರಿಸುತ್ತಾಳೆ. ಯಜಮಾನರ ಎಡಗೈ ಬೆರಳಿಗೆ ಅಂತ ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. "ನಾನೇನು ಕೂಸಾ?" ಅಂತ ಅವರು ಅದನ್ನು ಮುಟ್ಟಲಿಲ್ಲ. ಒಂದು ದಿನ ಅವಳು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಅವರೆಕಾಳು ನೆನೆದಿತ್ತು. "ಆಂಟಿ, ಇದಕ್ಕಿಂತ ಒಳ್ಳೇ ವ್ಯಾಯಾಮ ಇಲ್ಲ. ಎಡಗೈಯಲ್ಲಿ ಹಿದುಕಲಿ" ಅಂದಳು.

ಮೊದಲ ದಿನ ಒಂದು ಹಿಡಿ ಕಾಳಿಗೆ ಒಂದು ಗಂಟೆ ಹಿಡಿಯಿತು. ಅರ್ಧ ಕಾಳು ಬಟ್ಟಲಿಗೆ ಬಿದ್ದರೆ ಇನ್ನರ್ಧ ಫ್ಯಾನಿನವರೆಗೆ ಹಾರಿತು. ಎರಡು ವಾರದಲ್ಲಿ ಒಂದು ಬಟ್ಟಲು ಮುಗಿಸುವಷ್ಟಾದರು. ಎದುರುಮನೆಯಾಕೆ ಬಂದು ನೋಡಿ ನಿಜವಾಗಲೂ ಸಂತೋಷಪಟ್ಟರು. ಮಾರನೇ ದಿನ "ಯಜಮಾನ್ರ ಕೈ ಎಂಗದೆ?" ಅಂತ ಕೇಳುತ್ತಾ ಒಂದು ಪಾತ್ರೆ ನೆನೆಸಿದ ಅವರೆಕಾಳು ತಂದಿಟ್ಟರು. ಅದರ ಮಾರನೇ ದಿನ ಪಕ್ಕದ ಮನೆಯವರಿಗೂ ಯಜಮಾನರ ಕೈಯ ಚಿಂತೆ ಹತ್ತಿತು. ಸಂಕ್ರಾಂತಿ ಹೊತ್ತಿಗೆ ಬೀದಿಗೆ ಬೀದಿಯೇ ನಮ್ಮ ಜಗಲಿಯ ಮೇಲೆ ಪಾತ್ರೆ ಇಟ್ಟು ಆರೋಗ್ಯ ವಿಚಾರಿಸುತ್ತಿತ್ತು. ಯಾವ ಪಾತ್ರೆ ಯಾರದು ಅಂತ ತಿಳಿಯಲು ಯಜಮಾನರು ಸೀಮೆಸುಣ್ಣದಲ್ಲಿ ಬಸ್ಸಿನ ಹಾಗೆ ನಂಬರ್ ಬರೆದಿಡುತ್ತಿದ್ದರು.

ನನಗೆ ಮತ್ತೆ ದಿಗಿಲು. ಅತಿಯಾಗಿ ಅವರೆಕಾಳು ಹಿದುಕಿದರೆ ಸ್ಟ್ರೋಕ್ ಬರುತ್ತದೆಯೇ ಅಂತ ಫಿಸಿಯೋ ಹುಡುಗಿಗೆ ಫೋನ್ ಮಾಡಿ ಕೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ನಗುತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು.

ಸೀಸನ್ ಮುಗಿಯಿತು. ಜಗಲಿ ಖಾಲಿಯಾಯಿತು. ಯಜಮಾನರು ಒಂದು ವಾರ ಗೇಟಿನ ಕಡೆಗೇ ನೋಡುತ್ತಾ ಕೂತಿದ್ದು, "ನನ್ನ ಕೈ ಪೂರ್ತಿ ವಾಸಿ ಆಯ್ತು ಅಂತ ಕಾಣ್ತದೆ. ಯಾರೂ ವಿಚಾರಿಸ್ತಾನೇ ಇಲ್ಲ" ಅಂದರು.

ಮೊಸರಿನ ಪ್ಯಾಕೆಟ್ಟು

ಸಭೆಯಲ್ಲಿ ಒಂದು ಪದ್ಧತಿ ಇದೆ. ಮೊದಲ ಅರ್ಧ ಗಂಟೆ ಸ್ಟ್ರೋಕ್ ಆದವರು ಹೊರಗೆ ಬಾದಾಮಿ ಮರದ ಕೆಳಗೆ ಕೂತು ಟೀ ಕುಡಿಯುತ್ತಾರೆ. ಒಳಗೆ ನೋಡಿಕೊಳ್ಳುವವರು ಮಾತ್ರ ಕೂತು ದೂರು ಹೇಳುತ್ತೇವೆ. ಕಿಟಕಿ ತೆರೆದೇ ಇರುವುದರಿಂದ ಎಲ್ಲವೂ ಹೊರಗೆ ಕೇಳುತ್ತದೆ. ಆದರೂ ಪದ್ಧತಿ ಪದ್ಧತಿಯೇ.

ಆವತ್ತು ನಾನು, "ಒಬ್ಬರೇ ಹೋಗ್ತೀನಿ ಅಂತಾರೆ. ಅವರಿಗೆ ಏನಾದ್ರೂ ಆದ್ರೆ ನಾನು ಹೇಗೆ ಬದುಕಿರಲಿ?" ಅಂತ ಅತ್ತೇಬಿಟ್ಟೆ. ಫಿಸಿಯೋ ಹುಡುಗಿ ಎದ್ದು ನಮ್ಮೆಲ್ಲರ ಎಡಗೈಯನ್ನು ಒಂದೊಂದು ಟವೆಲ್ಲಿನಿಂದ ಮೈಗೆ ಕಟ್ಟಿ, ಮುಂದೆ ಒಂದೊಂದು ಮೊಸರಿನ ಪ್ಯಾಕೆಟ್ ಇಟ್ಟಳು. "ಒಡೆದು ಲೋಟಕ್ಕೆ ಹಾಕಿ" ಅಂದಳು. ಹೊರಗಿದ್ದವರೆಲ್ಲ ಕಿಟಕಿಗೆ ಬಂದರು.

ನನ್ನ ಪಕ್ಕದಲ್ಲಿದ್ದವರು ಸಂಸ್ಕೃತದ ಮೇಷ್ಟ್ರು. ಅವರ ತಾತ ಅರಮನೆಯಲ್ಲಿ ವಿದ್ವಾಂಸರಾಗಿದ್ದರಂತೆ. ಸ್ಟ್ರೋಕ್ ಆಗಿದ್ದು ಅವರ ಮನೆಯವರಿಗೆ, ಆಕೆಗೆ ಉಳಿದಿರುವುದು ನಾಲ್ಕೈದು ಮಾತು ಮಾತ್ರ. ಮೇಷ್ಟ್ರು ಆಕೆಗೆ ದಿನಕ್ಕೆ ನೂರು ಸಲ "ನಿಧಾನ, ನಿಧಾನ" ಅನ್ನುತ್ತಿರುತ್ತಾರೆ. ಆವತ್ತು ಆ ಮೇಷ್ಟ್ರು ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಮೊಸರು ಕನ್ನಡಕಕ್ಕೆ, ಮೀಸೆಗೆ, ಇಸ್ತ್ರಿ ಮಾಡಿದ ಜುಬ್ಬಕ್ಕೆ ಹಂಚಿಹೋಯಿತು. ಕಿಟಕಿಯಿಂದ ಆಕೆ ಬಹಳ ಸ್ಪಷ್ಟವಾಗಿ, "ನಿಧಾನ" ಅಂದರು.

ನನ್ನ ಪ್ಯಾಕೆಟ್ಟು ಮೂರು ಸಲ ನೆಲಕ್ಕೆ ಬಿತ್ತು. ಯಜಮಾನರು ಒಳಗೆ ಬಂದು ಅದನ್ನು ಎತ್ತಿಕೊಂಡು, ಮಂಡಿಗಳ ಮಧ್ಯೆ ಸಿಕ್ಕಿಸಿ, ಬಲಗೈಯಲ್ಲಿ ಮೂಲೆ ಹರಿದು, ಒಂದು ತೊಟ್ಟೂ ಚೆಲ್ಲದೆ ಲೋಟಕ್ಕೆ ಸುರಿದರು. ಲೋಟವನ್ನು ನನ್ನ ಕೈಗೆ ಕೊಟ್ಟು, ಎಲ್ಲರೆದುರಿಗೆ, "ಈಗ ಕಟಿಂಗ್ ಶಾಪಿಗೆ ಕಳಿಸ್ತೀಯಾ?" ಅಂದರು.

ಒಂದು ಕೈ ಕಟ್ಟಿಹಾಕಿಸಿಕೊಂಡು, ಗಲ್ಲಕ್ಕೆ ಮೊಸರು ಮೆತ್ತಿಕೊಂಡವಳು ಇಲ್ಲ ಅನ್ನುವುದು ಹೇಗೆ? "ಒಂದೇ ಒಂದು ಸಲ" ಅಂದೆ.

ನಾನೂರು ಹೆಜ್ಜೆ

ಒಪ್ಪಿಕೊಂಡ ದಿನದಿಂದ ನನಗೆ ಊಟ ಸೇರಲಿಲ್ಲ. ಯಜಮಾನರನ್ನು ಬಿಟ್ಟು ಸಭೆಯವರನ್ನೂ ಪರಿಚಯದವರನ್ನೂ ಸೇರಿಸಿ ಒಂದು ವಾಟ್ಸ್ಯಾಪ್ ಗುಂಪು ಮಾಡಿ, ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಅಂತ ಗೊತ್ತು ಮಾಡಿದೆ. ದಾರಿಯಲ್ಲಿ ಅಲ್ಲಲ್ಲಿ ನಮ್ಮವರು ಆಕಸ್ಮಿಕವಾಗಿ ಬಂದವರ ಹಾಗೆ ನಿಂತಿರಬೇಕು, ಅವರು ದಾಟಿದ ಕೂಡಲೇ ನನಗೆ ಮೆಸೇಜ್ ಹಾಕಬೇಕು. ಮೇಷ್ಟ್ರು ಮಾತ್ರ, "ಮಂಗಳವಾರ ಕ್ಷೌರವೇ? ಬೇರೆ ದಿನ ನೋಡಬಹುದಲ್ಲ" ಅಂತ ಬರೆದರು. "ನಮಗೆ ಆ ಶಾಸ್ತ್ರವೆಲ್ಲ ಇಲ್ಲ ಸಾರ್" ಅಂತ ಉತ್ತರ ಹಾಕಿದೆ. ಅವರು ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು.

ಮೊದಲ ತಿರುವಿನ ಟ್ರಾನ್ಸ್‌ಫಾರ್ಮರ್ ಹತ್ತಿರ ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ, ನಮ್ಮ ಸಭೆಯವರೇ ಒಬ್ಬರು. ನಲವತ್ತು ದಾಟುವಷ್ಟರಲ್ಲಿ ಸ್ಟ್ರೋಕ್ ಆದವರು, ಒಂದು ಕಾಲದಲ್ಲಿ ಯಜಮಾನರ ಬಸ್ಸಿನಲ್ಲೇ ಶಿಫ್ಟಿಗೆ ಹೋಗುತ್ತಿದ್ದವರು. ಪಾರ್ಕಿನ ಕಾಂಪೌಂಡಿನ ಹತ್ತಿರ ಮೇಷ್ಟ್ರು ದಂಪತಿ. ರಸ್ತೆ ದಾಟುವ ಕಡೆ ಗ್ಯಾಸಿನವರು, ಅವರಾಗಿಯೇ ಬರುತ್ತೇನೆ ಅಂದಿದ್ದರು. ಕಟಿಂಗ್ ಶಾಪಿನಿಂದ ಸ್ವಲ್ಪ ಈಚೆ, ಎಳನೀರು ಗಾಡಿಯ ಹಿಂದೆ ನಾನು.

ಯಜಮಾನರು ಬೆಳಿಗ್ಗೆ ಮೂರೂ ಪರೀಕ್ಷೆ ಪಾಸಾದರು. ಡ್ಯೂಟಿಗೆ ಹೋಗುವಾಗ ಕಟ್ಟುತ್ತಿದ್ದ ವಾಚ್ ಕಟ್ಟಿಸಿಕೊಂಡರು. ನಾನು ಚರ್ಚಿಗೆ ಹೋಗಿಬರುತ್ತೇನೆ ಅಂತ ಸುಳ್ಳು ಹೇಳಿ ಹಿಂದಿನ ಬೀದಿಯಿಂದ ಓಡಿಬಂದು ಗಾಡಿಯ ಹಿಂದೆ ನಿಂತೆ. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ ಅಂತ ಒಂದು ಎಳನೀರು ಕೊಚ್ಚಿಸಿಕೊಂಡೆ.

"ಹೊರಟ್ರು" ಅಂತ ಎದುರುಮನೆಯಾಕೆಯ ಮೆಸೇಜ್ ಬಂತು. "ಡ್ರೈವರಣ್ಣ ಕಾಣ್ತಾವ್ರೆ" ಅಂತ ಕಾರ್ಖಾನೆಯವರ ಮೆಸೇಜ್ ಬಂತು. ಅಷ್ಟೇ. ಆಮೇಲೆ ಏನೂ ಬರಲಿಲ್ಲ.

ಹತ್ತು ನಿಮಿಷ ಆಯಿತು, ಹದಿನೈದು ಆಯಿತು. ಫೋನ್ ಮಾಡಿದರೆ ಕಾರ್ಖಾನೆಯವರೂ ಎತ್ತುತ್ತಿಲ್ಲ, ಮೇಷ್ಟ್ರೂ ಎತ್ತುತ್ತಿಲ್ಲ. ಎಳನೀರಿನವರು "ಕುಡೀರಮ್ಮ, ಇಡ್ಕೊಂಡೇ ನಿಂತಿದ್ದೀರಲ್ಲ" ಅಂದರು. ನನಗೆ ಕೇಳಿಸುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಎಲ್ಲೋ ಬಿದ್ದಿದ್ದಾರೆ, ಎಲ್ಲರೂ ಸುತ್ತ ನಿಂತಿದ್ದಾರೆ, ನನಗೆ ಹೇಳಲು ಯಾರಿಗೂ ಧೈರ್ಯ ಬರುತ್ತಿಲ್ಲ ಅಂದುಕೊಂಡೆ. ನಾನೇ ಕಳಿಸಿದೆನಲ್ಲ, ದೇವರೇ, ನಾನೇ ಕಳಿಸಿದೆನಲ್ಲ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆಗ ರಸ್ತೆಯಲ್ಲಿ ಹಾರ್ನ್‌ಗಳ ಗಲಾಟೆ ಕೇಳಿಸಿತು. ನೋಡಿದರೆ ಗ್ಯಾಸಿನವರು ನಡುರಸ್ತೆಯಲ್ಲಿ ನಿಂತು, ಅಭ್ಯಾಸವಾದ ಹಾಗೆ ಎರಡೂ ಕೈ ಮೇಲೆತ್ತಿ ಎರಡು ಕಡೆಯ ಗಾಡಿಗಳನ್ನೂ ನಿಲ್ಲಿಸಿದ್ದಾರೆ. ಅವರ ಮುಂದೆ ಯಜಮಾನರು ರಸ್ತೆ ದಾಟುತ್ತಿದ್ದಾರೆ. ಅವರ ಎಡತೋಳು ಹಿಡಿದುಕೊಂಡು ಮೇಷ್ಟ್ರ ಮನೆಯವರು, ಹಿಂದೆ ಒಂದು ಹರಿದ ಚಪ್ಪಲಿ ಕೈಯಲ್ಲಿ ಹಿಡಿದ ಮೇಷ್ಟ್ರು, ಅವರ ಹಿಂದೆ ಕಾಲೆಳೆಯುತ್ತಾ ಕಾರ್ಖಾನೆಯವರು ಬರುತ್ತಿದ್ದಾರೆ.

ಆಗಿದ್ದಿಷ್ಟು. ಕಾರ್ಖಾನೆಯವರು ಯಾರಿಗೂ ಅನುಮಾನ ಬರದಿರಲಿ ಅಂತ ಮೋರಿಯ ಚಪ್ಪಡಿಯ ಮೇಲೆ ಕೂತು ಪೇಪರ್ ಓದುವ ಹಾಗೆ ನಟಿಸಿದ್ದರು. ಚಪ್ಪಡಿ ತಗ್ಗಿನಲ್ಲಿತ್ತು, ಆಮೇಲೆ ಏಳಲು ಆಗಲಿಲ್ಲ, ಫೋನೂ ಮೋರಿಗೆ ಬಿತ್ತು. ಯಜಮಾನರು ಬಂದು ಬಲಗೈ ಕೊಟ್ಟು ಎಬ್ಬಿಸಿ, "ಇಲ್ಲೇನ್ ಮಾಡ್ತಿದ್ದೀಯೋ?" ಅಂದರು. "ನಿಮ್ಮನ್ನ ನೋಡ್ಕೊಳ್ಳೋಕೆ ಬಂದಿದ್ದೆ ಅಣ್ಣ" ಅಂದರಂತೆ ಅವರು. "ಸರಿ, ಹತ್ತು" ಅಂದು ಜೊತೆಯಲ್ಲಿ ಕರೆದುಕೊಂಡಿದ್ದಾರೆ. ಮುಂದಿನ ಸ್ಟಾಪಿನಲ್ಲಿ ಮೇಷ್ಟ್ರ ಮನೆಯವರ ಚಪ್ಪಲಿ ಹರಿದಿತ್ತು, ನಿಂತು ನಿಂತು ಕಾಲು ಸೋತಿತ್ತು. ಮೇಷ್ಟ್ರಿಗೆ ಗಾಬರಿಯಲ್ಲಿ ಫೋನ್ ಯಾವ ಜೇಬಿನಲ್ಲಿದೆ ಅನ್ನುವುದೇ ಮರೆತುಹೋಗಿತ್ತು. ಅವರನ್ನೂ ಹತ್ತಿಸಿಕೊಂಡರು.

ಎಲ್ಲರೂ ಕಟಿಂಗ್ ಶಾಪಿನ ಮುಂದೆ ಬಂದು ನಿಂತರು. ಅಷ್ಟು ಹೊತ್ತೂ ದಾರಿಯನ್ನೇ ನೋಡುತ್ತಿದ್ದ ನಾನೂ ಅವರ ಜೊತೆಗೇ ಅದನ್ನು ನೋಡಿದೆ. ಷಟರ್ ಎಳೆದಿತ್ತು. ಬೀಗ ಹಾಕಿತ್ತು. "ಮಂಗಳವಾರ ರಜ" ಅಂತ ಬೋರ್ಡಿತ್ತು.

"ನಾನು ಮೊದಲೇ ಹೇಳಿದೆ" ಅಂದರು ಮೇಷ್ಟ್ರು.

"ನೀವು ಶಾಸ್ತ್ರಕ್ಕೆ ಹೇಳ್ತಿದ್ದೀರ ಅಂದ್ಕೊಂಡೆ ಸಾರ್" ಅನ್ನುತ್ತಾ ನಾನು ಗಾಡಿಯ ಹಿಂದಿನಿಂದ ಹೊರಗೆ ಬಂದೆ.

"ಶಾಸ್ತ್ರ ಎಲ್ಲಿ ಬಂತಮ್ಮ, ಅಂಗಡಿ ರಜ."

ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಕ್ಷೌರ ಅಂದರೆ ಮಂಗಳವಾರ. ಅಂಗಡಿಗೆ ರಜ ಇರುತ್ತಿದ್ದರಿಂದಲೇ ಅವರು ಮಂಗಳವಾರ ಮನೆಗೆ ಬರುತ್ತಿದ್ದರು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಟ್ರಾಫಿಕ್ಕು, ಬಿಸಿಲು, ನಾಯಿಗಳು, ಮೋರಿಯ ಒಡೆದ ಚಪ್ಪಡಿ, ಎಲ್ಲವನ್ನೂ ಯೋಚಿಸಿದ್ದೆ. ಇದೊಂದು ಬಿಟ್ಟು.

ಯಜಮಾನರಿಗೆ ನನ್ನನ್ನು ಕಂಡು ಆಶ್ಚರ್ಯವೇನೂ ಆಗಲಿಲ್ಲ. ಬಾಗಿಲು ಮುಚ್ಚಿದ್ದಕ್ಕೂ ಬೇಜಾರಾದ ಹಾಗೆ ಕಾಣಲಿಲ್ಲ.

"ರಜ ಅಂತ ನಿಮಗೆ ಗೊತ್ತಿತ್ತಾ?" ಅಂತ ಕೇಳಿದೆ.

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಒಂದೇ ಸಲ ಅಂದಿದ್ದೆ ನೀನು. ಇವತ್ತು ಬಂದ್ರೆ ಕಟಿಂಗ್ ಆಗಲ್ಲ. ನಾಳೆ... ಇನ್ನೊಂದು ಸಲ ಬರ್ಬೇಕಾಯ್ತದೆ."

ನನಗೆ ಬೈಯಬೇಕು ಅನಿಸಿತು. ಅವರ ಬೆವರಿದ ಮುಖ ನೋಡಿದೆ. ಆ ಸೊಟ್ಟ ನಗು ಮದುವೆಯ ಫೋಟೋದಲ್ಲಿ ಇದ್ದ ಹಾಗೇ ಇತ್ತು. ಇಪ್ಪತ್ತು ನಿಮಿಷದಿಂದ ತಡೆದುಕೊಂಡಿದ್ದ ಅಳು ಒಂದೇ ಸಲಕ್ಕೆ ಬಂತು. ಅವರು ಕೋಲನ್ನು ಷಟರಿಗೆ ಒರಗಿಸಿ, ನನ್ನೆದುರು ನೆಟ್ಟಗೆ ನಿಂತು, ನರ್ಸಮ್ಮನ ಹಾಗೆ ನನ್ನ ಮುಖವನ್ನೇ ನೋಡಿದರು.

"ನಗು" ಅಂದರು.

ನಗಲು ಹೋದೆ, ತುಟಿ ಒಂದು ಕಡೆಗೆ ಹೋಯಿತು.

"ಎರಡೂ ಕೈ ಎತ್ತು."

ಒಂದು ಕೈಯೇ ಎದ್ದಿತು. ಇನ್ನೊಂದರಲ್ಲಿ ತುಂಬಿದ ಎಳನೀರು ಇತ್ತು.

"ಒಂದು ಮಾತು ಹೇಳು. 'ನನ್ನ ಗಂಡ ಒಬ್ಬನೇ ಬಂದ' ಅನ್ನು."

ಬಾಯಿ ತೆರೆದೆ. ಮಾತಿನ ಬದಲು ಬಿಕ್ಕಳಿಕೆ ಬಂತು.

ಯಜಮಾನರು ಎಲ್ಲರ ಕಡೆಗೂ ಒಮ್ಮೆ ನೋಡಿ, ಬಲಗೈಯಲ್ಲಿ ನನ್ನ ಎಳನೀರು ಇಸಿದುಕೊಂಡು, ಬಹಳ ನಿಧಾನವಾಗಿ ಹೇಳಿದರು: "ಮೂರರಲ್ಲೂ ಫೇಲು. ನಾಳೆಯಿಂದ ನೀನು ಒಬ್ಬಳೇ ಆಚೆ ಹೋಗೋ ಹಂಗಿಲ್ಲ ಕಣೆ."